ತಿಂಡಿ ಬೀದಿಯ ಲೆಕ್ಕಾಚಾರ: ಗಾಡಿಯವನೂ ವರ್ತಕನೇ

ವ್ಯಾಪಾರ ನಿಮಿತ್ತ ಬೆಂಗಳೂರಿಗೆ ಹೋಗಿಬರುವ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದ ವರ್ತಕ ಬಾಂಧವರಲ್ಲಿ ಅನೇಕರಿಗೆ ವಿಶ್ವೇಶ್ವರಪುರದ ತಿಂಡಿ ಬೀದಿ ಹೊಸದಲ್ಲ. ಸಜ್ಜನರಾವ್ ವೃತ್ತದ ಬಳಿಯ ಈ ಪುಟ್ಟ ಬೀದಿಯಲ್ಲಿ ಸಂಜೆಯಾಗುತ್ತಲೇ ಕಾವಲಿಗಳು ಕಾಯುತ್ತವೆ. ದೋಸೆ, ಪಡ್ಡು, ಅಕ್ಕಿರೊಟ್ಟಿ, ಬಿಸಿ ಹೋಳಿಗೆಗಳ ಮುಂದೆ ಜನರು ನಿಂತೇ ತಿನ್ನುತ್ತಾರೆ. ಇಲ್ಲಿ ಬೆಳೆದ ಅವರೆಬೇಳೆ ಮೇಳಕ್ಕೆ ಈ ಬೀದಿಯೇ ಸಾಲದಾಗಿ, 2023ರಲ್ಲಿ ಅದು ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನಕ್ಕೆ ಸ್ಥಳಾಂತರಗೊಂಡಿತು.

ರುಚಿಯ ಮಾತು ಹಾಗಿರಲಿ; ವರ್ತಕನ ದೃಷ್ಟಿಯಿಂದ ನೋಡಿದರೆ ಪ್ರತಿಯೊಂದು ಕಾವಲಿಯ ಹಿಂದೆಯೂ ಅಕ್ಕಿ, ಉದ್ದು, ಎಣ್ಣೆ, ಅಡುಗೆ ಅನಿಲ, ಕಾಗದದ ತಟ್ಟೆಗಳ ವ್ಯಾಪಾರವಿದೆ. ನಮ್ಮ ಊರುಗಳ ಸಂಜೆಯ ಬೋಂಡಾ, ಚುರುಮುರಿ ಗಾಡಿಗಳಿಗೂ ಇದು ಅನ್ವಯಿಸುತ್ತದೆ. ಆಲೂಗಡ್ಡೆ, ಕಡಲೆಹಿಟ್ಟು, ಮಂಡಕ್ಕಿ ಎಲ್ಲವೂ ನಮ್ಮವರ ಅಂಗಡಿಗಳಿಂದಲೇ, ಬಹುಪಾಲು ಉದ್ದರಿಯ ಮೇಲೆ ಹೋಗುತ್ತವೆ. ಗಾಡಿ ನಿಂತರೆ ಬಾಕಿಯೂ ನಿಲ್ಲುತ್ತದೆ.

ಲಾಭ ಬೇರೆ, ವಹಿವಾಟು ಬೇರೆ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು 2021-22ರಿಂದ 2024-25ರವರೆಗಿನ ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದಾಗ, ಅನೇಕ ಅಂಗಡಿಗಳ ಮುಂದೆ 'ನಗದು ಮಾತ್ರ' ಎಂಬ ಫಲಕಗಳು ಕಾಣಿಸಿಕೊಂಡವು. ಜುಲೈ 23ರಂದು ವರ್ತಕರ ಪ್ರತಿನಿಧಿಗಳೊಂದಿಗೆ ಸಭೆ ನಡೆಸಿದ ಮುಖ್ಯಮಂತ್ರಿಗಳು, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ಮಿತಿ ಮೀರಿದವರು ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಪ್ರಕಟಿಸಿದರು. ಪ್ರಸಂಗ ಮುಗಿದರೂ ಪಾಠ ಉಳಿದಿದೆ.

ಸಿದ್ಧ ಆಹಾರ ಬಡಿಸುವುದು ಜಿಎಸ್‌ಟಿ ಕಾಯ್ದೆಯ ಪ್ರಕಾರ ಸೇವೆ. ಆದುದರಿಂದ ಗಾಡಿಯವನಿಗೆ ಅನ್ವಯಿಸುವ ಮಿತಿ ವಾರ್ಷಿಕ 20 ಲಕ್ಷ ರೂಪಾಯಿಯೇ ಹೊರತು ಸರಕು ವ್ಯಾಪಾರಿಯ 40 ಲಕ್ಷವಲ್ಲ. ತಿಂಗಳಿಗೆ 26 ದಿನ ವ್ಯಾಪಾರವೆಂದು ಹಿಡಿದರೆ, ದಿನಕ್ಕೆ 6,400 ರೂ. ಮಾರಾಟವಿದ್ದವನ ವಾರ್ಷಿಕ ವಹಿವಾಟು 19,96,800 ರೂ.; 6,500 ರೂ. ಆದರೆ 20,28,000 ರೂ. ದಿನಕ್ಕೆ ಕೇವಲ ನೂರು ರೂಪಾಯಿಯ ಅಂತರದಲ್ಲಿ ನೋಂದಣಿ ಕಡ್ಡಾಯವಾಗುತ್ತದೆ. ರಾಜಿ ತೆರಿಗೆ ಪದ್ಧತಿಯನ್ನು ಆರಿಸಿಕೊಂಡರೆ ವಹಿವಾಟಿನ ಶೇ. 5ರಂತೆ, ಅಂತಹ ವರ್ಷದಲ್ಲಿ ಸುಮಾರು ಒಂದು ಲಕ್ಷ ರೂಪಾಯಿ ಕಟ್ಟಬೇಕು. ಅದನ್ನು ಗ್ರಾಹಕನಿಂದ ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ತಟ್ಟೆಯ ಬೆಲೆಯಲ್ಲಿಯೇ ಅದನ್ನು ಮೊದಲೇ ಲೆಕ್ಕ ಹಾಕಿಕೊಂಡಿರಬೇಕು.

ಇನ್ನೊಂದು ತೊಡಕೆಂದರೆ, ಚೀಟಿ ಹಣ, ಕೈಸಾಲ, ಮಗಳ ಮದುವೆಗೆ ಬಂದ ಮುಯ್ಯಿ ಎಲ್ಲವೂ ಅದೇ ಖಾತೆಗೆ ಜಮೆಯಾಗುವುದು. ಯಾವುದು ಮಾರಾಟ, ಯಾವುದು ಅಲ್ಲ ಎಂಬುದನ್ನು ನಾಲ್ಕು ವರ್ಷಗಳ ನಂತರ ರುಜುವಾತುಪಡಿಸುವುದು ಸುಲಭವಲ್ಲ.

ನಗದು ಪರಿಹಾರವಲ್ಲ

ಕ್ಯೂಆರ್ ಫಲಕವನ್ನು ತೆಗೆದುಹಾಕಿದರೆ ತೆರಿಗೆಯ ಹೊಣೆ ತಪ್ಪುವುದಿಲ್ಲ. ಕಾಯ್ದೆಯು ನಗದು ಮಾರಾಟವನ್ನೂ ವಹಿವಾಟೆಂದೇ ಪರಿಗಣಿಸುತ್ತದೆ. ಬದಲಾಗಿ, ಸಾಲಕ್ಕೆ ಆಧಾರವಾಗಬಲ್ಲ ದಾಖಲೆಯೇ ಕೈತಪ್ಪುತ್ತದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸ್ವನಿಧಿ ಯೋಜನೆಯಡಿ ಬೀದಿ ವ್ಯಾಪಾರಿಗಳಿಗೆ ಜಾಮೀನಿಲ್ಲದ ಸಾಲ ದೊರೆಯುತ್ತದೆ. 2025ರ ಆಗಸ್ಟ್‌ನ ಪರಿಷ್ಕರಣೆಯ ನಂತರ ಮೊದಲ ಕಂತು 15,000, ಎರಡನೆಯದು 25,000, ಮೂರನೆಯದು 50,000 ರೂ.ವರೆಗೆ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯನ್ವಯ ಸ್ಥಳೀಯ ಸಂಸ್ಥೆ ನೀಡುವ ಪ್ರಮಾಣಪತ್ರ ಆತನ ಬಳಿ ಇರುವುದು ಅವಶ್ಯ.

ವರ್ತಕರ ಪಾತ್ರ

ಗಾಡಿಯವನಿಗೆ ವ್ಯಾಪಾರಕ್ಕೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯುವಂತೆ, ಪ್ರತಿ ರಾತ್ರಿ ಮಾರಾಟ, ಖರೀದಿ, ಮನೆಖರ್ಚು ಎಂಬ ಮೂರು ಅಂಕಣಗಳನ್ನು ಬರೆದಿಡುವಂತೆ ತಿಳಿಹೇಳಬಲ್ಲವರು ಆತ ನಿತ್ಯ ನಂಬುವ ದಿನಸಿ ವರ್ತಕರೇ. ಆತನಿಗೆ ನಾವು ಕೊಡುವ ಸರಕು ಇನ್ನೂರು ರೂಪಾಯಿಯದೇ ಆಗಿರಲಿ, ಚೀಟಿಯ ಬದಲು ಹೆಸರು ಮತ್ತು ದಿನಾಂಕವಿರುವ ಬಿಲ್ಲನ್ನೇ ಕೊಡೋಣ. ಆತನ ಲೆಕ್ಕದ ಪುಸ್ತಕದ ಮೊದಲ ಪುಟ ಅದೇ ಆಗಬಹುದು. ನಮ್ಮ ಉದ್ದರಿಗೂ ಅದರಷ್ಟು ಭದ್ರತೆ ಬೇರೊಂದಿಲ್ಲ.