ಹೊಂಡದ ಆಳ, ಮೀನಿನ ತೂಕ

ಕಾಟ್ಲ, ರೋಹು, ಮೃಗಾಲ್ ಮೀನುಗಳನ್ನು ಕೂಡಿಸಿ ಸಾಕುವ ಕೊಳದಲ್ಲಿ ಒಂದೂವರೆಯಿಂದ ಎರಡು ಮೀಟರ್ ನೀರು ನಿಲ್ಲಿಸುವುದು ವಾಡಿಕೆ. ಈ ಅಳತೆಯ ಹಿಂದಿರುವುದು ಬಿಸಿಲಿನ ಲೆಕ್ಕ. ಕೊಳದಲ್ಲಿ ತಾನಾಗಿ ಹುಟ್ಟುವ ಆಹಾರಕ್ಕೆಲ್ಲ ಮೂಲ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯರಾಶಿಯಾದ ಸಸ್ಯಪ್ಲವಕ. ಅದು ಬೆಳೆಯುವುದು ಬೆಳಕು ಇಳಿಯುವಷ್ಟು ದೂರ ಮಾತ್ರ. ಬೆಳಕು ಇಳಿಯುವ ಆಳ ಅಂದಾಜಿಸಲು ಕಪ್ಪು ಬಿಳುಪು ಬಳಿದ ಸೆಕಿ ತಟ್ಟೆಯನ್ನು ಹಗ್ಗ ಕಟ್ಟಿ ಇಳಿಬಿಟ್ಟರೆ, ಗೊಬ್ಬರ ಹದವಾಗಿ ಬಿದ್ದ ಹಸಿರು ನೀರಿನಲ್ಲಿ ಅದು 30–40 ಸೆಂ.ಮೀ.ಗೆ ಕಣ್ಮರೆಯಾಗುತ್ತದೆ. ಅಂಥ ನೀರಿನಲ್ಲಿ ಸುಮಾರು ಒಂದು ಮೀಟರಿನಿಂದ ಕೆಳಗೆ ಆಮ್ಲಜನಕ ಹುಟ್ಟುವುದಕ್ಕಿಂತ ಖರ್ಚಾಗುವುದೇ ಹೆಚ್ಚು.

ಹಾಗಾದರೆ ಒಂದೇ ಮೀಟರ್ ನೀರು ಸಾಲದೇ? ಮೀನುಮರಿಗಳಿಗೆ ಸಾಕು. ಬೆಳೆಯುವ ಮೀನಿಗೆ ಸಾಲದು. ತೆಳುನೀರು ಏಪ್ರಿಲ್‌ ಬಿಸಿಲಿಗೆ ಬೇಗ ಕಾಯುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿ.ಗ್ರಾಂ. ಆಮ್ಲಜನಕ ಹಿಡಿದಿಟ್ಟರೆ, 30 ಡಿಗ್ರಿಯದು ಏಳೂವರೆಯಷ್ಟನ್ನೇ ಹಿಡಿಯುತ್ತದೆ. ಅದೇ ಹೊತ್ತಿಗೆ ಮೀನಿನ ಉಸಿರಿನ ಅಗತ್ಯ ಏರಿರುತ್ತದೆ. ಉಸಿರಿಗೆ ತಿಣುಕುವ ಮೀನು ಮೇವು ಬಿಡುತ್ತದೆ, ತೂಕ ನಿಲ್ಲುತ್ತದೆ. ತಳಕ್ಕೆ ಬೆಳಕು ಮುಟ್ಟುವುದರಿಂದ ಜೊಂಡು, ಕಳೆ ಎದ್ದು ಗೊಬ್ಬರದ ಸಾರ ಹೀರುತ್ತವೆ. ನೀರುಕಾಗೆಗಳ ಕಾಟ ಬೇರೆ. ಮೇಲೆ ಮೇಯುವ ಕಾಟ್ಲ, ನಡುವಿನ ರೋಹು, ತಳದ ಮೃಗಾಲ್ ಮೂರಕ್ಕೂ ಜಾಗ ಹಂಚಿಕೊಡಲು ಒಂದೂವರೆಯಿಂದ ಎರಡು ಮೀಟರ್ ಬೇಕು.

ಆಳ ಇದಕ್ಕಿಂತ ಹೆಚ್ಚಾದಾಗಿನ ತೊಂದರೆ ಕಣ್ಣಿಗೆ ಬೀಳದು. ಕರ್ನಾಟಕದಲ್ಲಿ 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯ ಹೊಂಡಗಳು ಸಾಮಾನ್ಯವಾಗಿ 3 ಮೀಟರ್ ಆಳದವು. ಬೆಳೆಗೆ ನೀರು ಕೂಡಿಡಲು ತೋಡಿದ ಇವುಗಳಲ್ಲಿ ಮೀನನ್ನೂ ಬಿಡುವ ರೈತರಿದ್ದಾರೆ. ಒಳ್ಳೆಯ ಯೋಚನೆಯೇ, ಆದರೆ ತಳದ ಮೇಲೆ ಕಣ್ಣಿರಬೇಕು. ಗಾಳಿಯಾಡದ ದಿನಗಳಲ್ಲಿ ಬಿಸಿಯಾದ ಹಗುರ ನೀರು ಮೇಲೆ, ತಂಪಾದ ಭಾರದ ನೀರು ಕೆಳಗೆ ಪದರಗಟ್ಟುತ್ತವೆ. ತಿನ್ನದೆ ಉಳಿದ ಹಿಂಡಿ, ತೌಡು, ಹಿಕ್ಕೆ ತಳದಲ್ಲಿ ಕೊಳೆತು ಅಲ್ಲಿನ ಆಮ್ಲಜನಕ ಮುಗಿಸುತ್ತವೆ. ಅಮೋನಿಯಾ, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಸೇರಿಕೊಳ್ಳುತ್ತವೆ. ಮೃಗಾಲ್ ಮೇವಿನ ನೆಲ ಬಿಟ್ಟು ಮೇಲೆ ಬಂದು ಉಳಿದವುಗಳ ಜೊತೆ ಪೈಪೋಟಿಗಿಳಿಯುತ್ತದೆ. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಮೃಗಾಲ್‌ಗೆ ಕೆದಕಲು ಮಣ್ಣೂ ಇಲ್ಲ.

ಬೇಸಿಗೆಯ ಕೊನೆಯ ಜೋರು ಮಳೆ ಈ ಪದರಗಳನ್ನು ಕಲಕಿಬಿಡುತ್ತದೆ. ತಣ್ಣನೆಯ ಮಳೆನೀರು ಕೆಳಗಿಳಿದು, ತಳದ ಉಸಿರಿಲ್ಲದ ನೀರು ಮೇಲೇಳುತ್ತದೆ. ಮರುದಿನ ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುತ್ತಿದ್ದರೆ ಕಾರಣ ಇದೇ ಇರಬಹುದು. ಆ ದಿನ ಮೇವು ನಿಲ್ಲಿಸಿ, ಪಂಪಿನಿಂದ ನೀರನ್ನು ಮೇಲಕ್ಕೆ ಚಿಮ್ಮಿಸಿ ಮತ್ತೆ ಹೊಂಡಕ್ಕೇ ಬೀಳುವಂತೆ ಮಾಡಬೇಕು.