ಕೆರೆಯ ಮೀನುಗಳ ಬೇನೆ

ಪೆರಾಬೆ ಮುಂತಾದ ಊರುಗಳಲ್ಲಿ ಅಡಕೆ ತೋಟಗಳ ನಡುವೆ ನೀರಿಗಾಗಿ ತೋಡಿದ ಕೆರೆಗಳುಂಟು. ಅವುಗಳಲ್ಲಿ ಬಣ್ಣದ ಮೀನುಗಳನ್ನು ಬಿಟ್ಟು, ಅವುಗಳ ಆಟವನ್ನು ನೋಡಿ ನಲಿಯುವವರೂ ಉಂಟು. ಮಳೆಗಾಲ ಕಳೆದು ಚಳಿ ಮೊದಲಾಗುವಾಗ ಕೆಲವು ಮೀನುಗಳು ಮಂಕಾಗಿ, ಕಲ್ಲಿಗೆ ಮೈಯುಜ್ಜುತ್ತ, ಕಡೆಗೆ ಹುಣ್ಣಾಗಿ ಸಾಯುವುದುಂಟು. ಇದಕ್ಕೆ ಕಾರಣವೇನು?

ಮೀನಿನ ಮೈಯನ್ನು ಲೋಳೆಯ ಪದರವು ಕಾಯುತ್ತದೆ. ಅದನ್ನು ಮೊದಲು ಭೇದಿಸುವವು ಪರೋಪಜೀವಿಗಳು. ಮೀನಿನ ಹೇನೆಂದು ಕರೆಯಲಾಗುವ ಆರ್ಗುಲಸ್ ಚರ್ಮಕ್ಕೆ ಅಂಟಿ ರಕ್ತ ಹೀರುತ್ತದೆ. ಲರ್ನಿಯ ಎಂಬ ಜೀವಿಯು ಹಡಗಿನ ಲಂಗರಿನಂತಿರುವ ತನ್ನ ತಲೆಯನ್ನು ಮಾಂಸದೊಳಗೆ ಹೂಳುತ್ತದೆ. ಹೀಗೆ ಉಂಟಾದ ಗಾಯಗಳೇ ಬೇರೆ ರೋಗಾಣುಗಳಿಗೆ ಬಾಗಿಲಾಗುತ್ತವೆ. ಬಣ್ಣದ ಮೀನುಗಳ ಹುಣ್ಣಿಗೆ ಅನೇಕ ವೇಳೆ ಏರೋಮೊನಾಸ್ ಎಂಬ ಬ್ಯಾಕ್ಟೀರಿಯವು ಕಾರಣವಾಗಿರುತ್ತದೆ.

ಇದಕ್ಕಿಂತ ಭೀಕರವಾದುದು ಸಾಂಕ್ರಾಮಿಕ ಹುಣ್ಣುರೋಗ. 1971ರಲ್ಲಿ ಜಪಾನಿನಲ್ಲಿ ಕಾಣಿಸಿಕೊಂಡ ಈ ರೋಗವು 1988ರಲ್ಲಿ ನಮ್ಮ ದೇಶದ ಈಶಾನ್ಯ ರಾಜ್ಯಗಳನ್ನು ಹೊಕ್ಕು, 1991ರಲ್ಲಿ ಕೇರಳವನ್ನು ತಲುಪಿತು. ಕೊರವ ಮೀನುಗಳು ಇದಕ್ಕೆ ಬೇಗನೆ ತುತ್ತಾಗುತ್ತವೆ. ಅಫನೋಮೈಸಿಸ್ ಎಂಬ ಬೂಷ್ಟಿನಂತಹ ಜೀವಿಯೇ ಇದರ ಮೂಲ. ನೀರು ತಣ್ಣಗಾದಾಗ ಮೀನಿನ ರೋಗನಿರೋಧಕ ಶಕ್ತಿಯು ಕುಗ್ಗುವುದರಿಂದ ಇದರ ಹಾವಳಿ ಹೆಚ್ಚು. ನೀರಿನಲ್ಲಿ ಆಮ್ಲತೆ ಹೆಚ್ಚಿದರೂ ಮೀನಿನ ಚರ್ಮವು ಕೆಟ್ಟು ರೋಗಕ್ಕೆ ಎಡೆಯಾಗುತ್ತದೆ.

ಬೇನೆ ಬಂದ ಮೇಲೆ ಮದ್ದು ಹುಡುಕುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದೇ ಲೇಸು. ಹೊಸ ಮೀನುಗಳನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿರಿಸಿ ಪರೀಕ್ಷಿಸಬೇಕು. ಆರ್ಗುಲಸ್ ಗಟ್ಟಿ ವಸ್ತುಗಳ ಮೇಲೆ ಮೊಟ್ಟೆಯಿಡುವುದರಿಂದ, ನೀರಿನಲ್ಲಿ ಬಿದಿರ ತುಂಡುಗಳನ್ನು ನಿಲ್ಲಿಸಿ, ಆಗಾಗ ತೆಗೆದು ಬಿಸಿಲಿಗೆ ಒಣಗಿಸಿದರೆ ಅದರ ಸಂತತಿಯು ಕುಗ್ಗುತ್ತದೆ. ತಕ್ಕ ಪ್ರಮಾಣದ ಸುಣ್ಣವು ನೀರಿನ ಆಮ್ಲತೆಯನ್ನು ತಗ್ಗಿಸುತ್ತದೆ. ಆದರೆ ಅಡಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಸುಣ್ಣದೊಡನೆ ಮೈಲುತುತ್ತವೂ ಇರುತ್ತದೆ. ಅದರ ತಾಮ್ರವು ಮೀನಿಗೆ ವಿಷ. ಆದುದರಿಂದ ಸಿಂಪಡಣೆಯ ಪಾತ್ರೆಗಳನ್ನು ಕೆರೆಯಲ್ಲಿ ತೊಳೆಯಲಾಗದು. ಮದ್ದಿನ ಪ್ರಮಾಣವನ್ನು ಮೀನುಗಾರಿಕೆ ಇಲಾಖೆಯವರಿಂದ ಕೇಳಿ ತಿಳಿಯಬೇಕು.

ಬೇನೆಬಿದ್ದ ಮೀನನ್ನು ಕನಿಕರದಿಂದ ಹತ್ತಿರದ ತೋಡಿಗೆ ಬಿಡುವವರುಂಟು. ಆದರೆ ಇಲ್ಲಿನ ತೋಡುಗಳ ನೀರು ಕುಮಾರಧಾರೆಗೆ ಹರಿಯುತ್ತದೆ. ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಒಂದು ಕೆರೆಯ ರೋಗವು ಹೀಗೆ ಹೊಳೆಯ ಮೀನುಗಳಿಗೂ ಹರಡಬಹುದು. ಸತ್ತ ಮೀನನ್ನು ನೀರಿನಿಂದ ದೂರದಲ್ಲಿ ಸುಣ್ಣ ಹಾಕಿ ಹೂಳುವುದೇ ನಿಜವಾದ ಕನಿಕರ.