ಮಗುವಿನ ತೂಕ, ಡ್ರಿಪ್ಪಿನ ಲೆಕ್ಕ

ಮಕ್ಕಳ ವಾರ್ಡಿನಲ್ಲಿ ಒಂದು ರಾತ್ರಿ ಕಳೆದವರಿಗೆ ಈ ದೃಶ್ಯ ಗೊತ್ತು. ಮಂಚದ ಪಕ್ಕದ ಕಂಬಿಯಲ್ಲಿ 'ಗ್ಲೂಕೋಸ್' ಬಾಟಲಿ ತೂಗುತ್ತಿದೆ. ಹನಿ ನಿಧಾನವಾಗಿ ಬೀಳುತ್ತಿದೆ. ಬೇಗ ಮುಗಿಯಲಿ ಎಂದು ಕೊಳವೆಯ ಮೇಲಿನ ಪುಟ್ಟ ಚಕ್ರವನ್ನು ಸ್ವಲ್ಪ ತಿರುಗಿಸೋಣವೆಂದು ನಿಮಗೂ ಅನ್ನಿಸಿರಬಹುದು. ದಯವಿಟ್ಟು ಮುಟ್ಟಬೇಡಿ. ಆ ಹನಿಯ ಹಿಂದೆ ಒಂದು ಲೆಕ್ಕವಿದೆ.

ಬಾಯಿಂದ ಏನನ್ನೂ ಕೊಡಲಾಗದ ಮಗುವಿನ ದೇಹದಿಂದಲೂ ಮೂತ್ರ, ಬೆವರು, ಉಸಿರಿನ ಮೂಲಕ ನೀರು ಹೋಗುತ್ತಲೇ ಇರುತ್ತದೆ. ಅದನ್ನು ತುಂಬಲು ದಿನಕ್ಕೆ ಎಷ್ಟು ಬೇಕು? 1957ರಲ್ಲಿ ಅಮೆರಿಕದ ವೈದ್ಯರಾದ ಮಾಲ್ಕಂ ಹಾಲಿಡೇ ಮತ್ತು ವಿಲಿಯಂ ಸೀಗರ್ ಒಂದು ಸೂತ್ರ ಪ್ರಕಟಿಸಿದರು. ದೇಹ 100 ಕ್ಯಾಲೊರಿ ಖರ್ಚು ಮಾಡಿದರೆ ಸುಮಾರು 100 ಮಿಲಿಲೀಟರ್ ನೀರು ಬೇಕೆಂಬುದು ಅದರ ತಳಹದಿ. ತೂಕದ ಮೊದಲ 10 ಕಿಲೋಗೆ, ಕಿಲೋ ಒಂದಕ್ಕೆ 100 ಮಿಲಿಲೀಟರ್; ಮುಂದಿನ 10 ಕಿಲೋಗೆ 50; ಆಮೇಲಿನ ಪ್ರತಿ ಕಿಲೋಗೆ 20.

ಟಿ.ವಿ. ಪರದೆಯ ಮೇಲೆ ಅಂಕಿಗಳು ಬೇಗ ಸರಿದುಹೋಗುತ್ತವೆ. ಇಲ್ಲಿ ಪೆನ್ಸಿಲ್ ಹಿಡಿದು ನೋಡಿ. 14 ಕಿಲೋ ತೂಗುವ ಮಗುವಿಗೆ 1000 ಮತ್ತು 200, ಒಟ್ಟು 1200 ಮಿಲಿಲೀಟರ್. ಗಂಟೆಗೆ 50. ಮಕ್ಕಳಿಗೆ ಬಳಸುವ ಮೈಕ್ರೋಡ್ರಿಪ್ ಸೆಟ್ಟಿನಲ್ಲಿ 60 ಹನಿಗೆ 1 ಮಿಲಿಲೀಟರ್. ಹಾಗಾಗಿ ಗಂಟೆಗೆ ಎಷ್ಟು ಮಿಲಿಲೀಟರೋ ನಿಮಿಷಕ್ಕೆ ಅಷ್ಟೇ ಹನಿ! ಅದೇ 60 ಕಿಲೋ ತೂಗುವ ತಂದೆಗೆ ಈ ಸೂತ್ರದಂತೆ 2300 ಮಿಲಿಲೀಟರ್. ತೂಕ ನಾಲ್ಕು ಪಟ್ಟಿಗೂ ಹೆಚ್ಚು, ನೀರು ಎರಡು ಪಟ್ಟೂ ಇಲ್ಲ. ಪುಟ್ಟ ದೇಹ ಕಿಲೋ ಲೆಕ್ಕದಲ್ಲಿ ಹೆಚ್ಚು ಶಕ್ತಿ ಖರ್ಚು ಮಾಡುವುದೇ ಇದಕ್ಕೆ ಕಾರಣ.

ಆದರೆ ನೀರಿನ ಪ್ರಮಾಣವೊಂದೇ ಸಾಲದು, ಅದರೊಳಗಿನ ಉಪ್ಪೂ ಮುಖ್ಯ. ದಶಕಗಳ ಕಾಲ ಮಕ್ಕಳಿಗೆ ಉಪ್ಪು ಕಡಿಮೆಯಿರುವ ದ್ರವವನ್ನೇ ಕೊಡಲಾಗುತ್ತಿತ್ತು. ನ್ಯುಮೋನಿಯಾ, ಮೆದುಳು ಜ್ವರ, ಶಸ್ತ್ರಚಿಕಿತ್ಸೆ, ನೋವು, ವಾಂತಿ ಇರುವಾಗ ಒಂದು ಹಾರ್ಮೋನು ಹೆಚ್ಚಿ, ಮೂತ್ರಪಿಂಡ ನೀರನ್ನು ಹೊರಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಆಗ ರಕ್ತದ ಸೋಡಿಯಂ ತೆಳುವಾಗಿ ಮೆದುಳು ಊದಿಕೊಳ್ಳಬಹುದು. ಫಿಟ್ಸ್ ಬರಬಹುದು, ಜೀವವೇ ಹೋಗಬಹುದು. ಆದ್ದರಿಂದಲೇ 2018ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 28 ದಿನದಿಂದ 18 ವರ್ಷದವರೆಗಿನ ಹೆಚ್ಚಿನ ರೋಗಿಗಳಿಗೆ, ರಕ್ತದಷ್ಟೇ ಸೋಡಿಯಂ ಇರುವ ದ್ರವಕ್ಕೆ ತಕ್ಕಷ್ಟು ಪೊಟ್ಯಾಸಿಯಂ, ಗ್ಲೂಕೋಸ್ ಸೇರಿಸಿ ಕೊಡಬೇಕೆಂದು ಸಲಹೆ ಮಾಡಿತು. ಇಂಥ ಕಾಯಿಲೆಗಳಲ್ಲಿ ವೈದ್ಯರು ಸೂತ್ರಕ್ಕಿಂತ ಕಡಿಮೆ ಕೊಡುವುದೂ ಉಂಟು. ನವಜಾತ ಶಿಶು, ಹೃದಯ ಅಥವಾ ಮೂತ್ರಪಿಂಡದ ರೋಗ, ಭೇದಿಯಿಂದ ಬಳಲಿದ ಮಗು, ಇವರ ಲೆಕ್ಕವೇ ಬೇರೆ.

ನೀವು ಮಾಡಬಹುದಾದದ್ದು ಇಷ್ಟು. ಮಗುವಿನ ತೂಕವನ್ನು ಅಂದಾಜಿನಲ್ಲಿ ಹೇಳದೆ, ಅಲ್ಲೇ ತೂಗಿಸಿ. ಎಷ್ಟು ಸಲ ಮೂತ್ರ ಹೋಯಿತೆಂದು ಚೀಟಿಯಲ್ಲಿ ಬರೆದಿಡಿ. ಡ್ರಿಪ್ ಇರುವಾಗ ಮಗು ತಲೆನೋವೆಂದರೆ, ಮತ್ತೆ ವಾಂತಿ ಮಾಡಿದರೆ, ಮಂಕಾದರೆ, ಬೆಳಗಿನ ರೌಂಡ್ಸಿಗೆ ಕಾಯದೆ ಆಗಲೇ ಸಿಸ್ಟರನ್ನು ಕರೆಯಿರಿ.